ಮಕ್ಕಳಿಗೂ ಬಿ.ಪಿ. ಉಂಟಾ?

(ಆರೋಗ್ಯ ಪಾಠ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಕೊನೆಗೆ ಎಲ್ಲರೂ ಸೇರಿ ಮಾತಾಡಿ.)

ಸಂಜೆ ಹೊತ್ತು. ಹೊರಗೆ ಮಳೆ. ಅಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಾಳೆ. ಎದುರಿಗೆ ಮಗ. ಎಂಟನೇ ತರಗತಿ, ಹದಿಮೂರು ವರ್ಷ. ಮನೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಎಂದು ಕರೆಯುತ್ತಾರೆ. ಅವನ ಮುಂದೆ ಪುಸ್ತಕ ತೆರೆದಿದೆ. ಆದರೆ ಪುಟ ಮಗುಚುವುದಿಲ್ಲ.

"ಆಗಿಂದ ಅದೇ ಪುಟ. ಎಂತ ಓದ್ತಾ ಇದ್ದಿ ನೀನು?" ಅಮ್ಮ ಕೇಳಿದಳು.

"ಓದಿದ್ದು ನೆನಪಲ್ಲಿ ನಿಲ್ಲುದಿಲ್ಲಮ್ಮ. ತಲೆ ಬೇರೆ ನೋವು."

"ಪುಸ್ತಕ ಹಿಡಿದ ಕೂಡಲೇ ತಲೆನೋವು. ಮೊಬೈಲ್ ಹಿಡಿದರೆ ಎಲ್ಲ ಗುಣ, ಅಲ್ವಾ?"

ಒಳಗಿನಿಂದ ಅಜ್ಜಿ ಹೇಳಿದರು: "ಬಿಡು ಮಗಾ, ಅವನ ತಲೆಗೆ ಹತ್ತುದಿಲ್ಲ. ಎಲ್ಲರಿಗೂ ವಿದ್ಯೆ ಬರ್ತದಾ?"

ಪುಟ್ಟ ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿ ಎದ್ದು ಹೋದ.

ಮುಂದಿನ ವಾರ ಶಾಲೆಯಲ್ಲಿ ಹೆತ್ತವರ ಸಭೆ. ಟೀಚರ್ ಅಮ್ಮನನ್ನು ಬದಿಗೆ ಕರೆದರು.

"ಅಕ್ಕಾ, ಪುಟ್ಟ ಕಳೆದ ವರ್ಷದವರೆಗೆ ಚೆನ್ನಾಗಿ ಓದ್ತಿದ್ದ. ಈಗ ಒಂದು ಮಾತು ಎರಡೆರಡು ಸಲ ಹೇಳಬೇಕು. ಕ್ಲಾಸಿನಲ್ಲಿ ತೂಕಡಿಸ್ತಾನೆ. ಬೈಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ."

ಅಮ್ಮ ಒಂದು ದಿನದ ಬೀಡಿ ಬಿಟ್ಟು ಮಗನನ್ನು ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಸಿಸ್ಟರ್ ಕಣ್ಣು ನೋಡಿದರು, ತೂಕ ನೋಡಿದರು, ಎತ್ತರ ಅಳೆದರು. ಮತ್ತೆ ತೋಳಿಗೆ ಪಟ್ಟಿ ಸುತ್ತಿದರು.

ಅಮ್ಮನಿಗೆ ನಗು ಬಂತು. "ಸಿಸ್ಟರೇ, ಬಿ.ಪಿ. ಇರುದು ನನ್ನ ಅತ್ತೆಗೆ. ಇವನು ಮಗು ಅಲ್ವಾ?"

"ಮಕ್ಕಳಿಗೂ ಬಿ.ಪಿ. ಬರ್ತದೆ ಅಕ್ಕಾ," ಎಂದರು ಸಿಸ್ಟರ್. ಅವರು ನಗಲಿಲ್ಲ. ಚೀಟಿಯಲ್ಲಿ ಬರೆದರು: 138/86.

ಇದು ಕಥೆ. ಆದರೆ ಇಂಥ ಜಗಲಿ ಮಂಜೇಶ್ವರದಲ್ಲಿಯೂ ಇರಬಹುದು, ಬದಿಯಡ್ಕದಲ್ಲಿಯೂ ಇರಬಹುದು. ನಿಮ್ಮ ಮನೆಯದೇ ಆಗಿರಬಹುದು. ಬನ್ನಿ, ಸಿಸ್ಟರ್ ಯಾಕೆ ನಗಲಿಲ್ಲ ಎಂದು ತಿಳಿಯೋಣ.

ಬಿ.ಪಿ. ಅಂದರೆ ಏನು?

ಬಿ.ಪಿ. ಅಂದರೆ ರಕ್ತದ ಒತ್ತಡ. ಇದು ಎಲ್ಲರಿಗೂ ಇರುತ್ತದೆ, ಇರಲೇಬೇಕು. ಒತ್ತಡ ಇಲ್ಲದಿದ್ದರೆ ರಕ್ತ ಮುಂದೆ ಹೋಗುವುದಿಲ್ಲ. "ನನಗೆ ಬಿ.ಪಿ. ಉಂಟು" ಎಂದು ನಾವು ಹೇಳುವಾಗ ಅದರ ಅರ್ಥ, ಒತ್ತಡ ಬೇಕಾದ್ದಕ್ಕಿಂತ ಹೆಚ್ಚು ಉಂಟು ಎಂದು.

ಅಡಿಕೆ ತೋಟಕ್ಕೆ ನೀರು ಬಿಡುವುದನ್ನು ನೆನಪು ಮಾಡಿಕೊಳ್ಳಿ. ಪಂಪು ನೀರನ್ನು ತಳ್ಳುತ್ತದೆ. ನೀರು ಪೈಪಿನಲ್ಲಿ ಹೋಗಿ ಗಿಡದ ಬುಡಕ್ಕೆ ಬೀಳುತ್ತದೆ. ಒತ್ತಡ ಹದವಾಗಿದ್ದರೆ ತೋಟ ಹಸಿರು. ಒತ್ತಡ ದಿನವೂ ಹೆಚ್ಚಿದ್ದರೆ? ಪೈಪಿನ ಜಾಯಿಂಟು ಸಡಿಲುತ್ತದೆ. ಪಂಪಿಗೂ ಆಯಾಸ. ನಮ್ಮ ಹೃದಯ ಆ ಪಂಪು. ರಕ್ತನಾಳಗಳು ಆ ಪೈಪುಗಳು.

ಬಿ.ಪಿ.ಯನ್ನು ಎರಡು ಅಂಕೆಯಲ್ಲಿ ಬರೆಯುತ್ತಾರೆ. ಮೇಲಿನ ಅಂಕೆ, ಹೃದಯ ಕುಗ್ಗಿ ರಕ್ತವನ್ನು ತಳ್ಳುವಾಗಿನ ಒತ್ತಡ. ಕೆಳಗಿನ ಅಂಕೆ, ಹೃದಯ ಸಡಿಲವಾದಾಗಿನ ಒತ್ತಡ. 13 ವರ್ಷ ತುಂಬಿದ ಮಕ್ಕಳಿಗೆ 120/80ಕ್ಕಿಂತ ಕೆಳಗೆ ಇದ್ದರೆ ಸರಿ. ಬೇರೆ ಬೇರೆ ದಿನ ಮೂರು ಸಲ ನೋಡಿದಾಗಲೂ 130/80 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ.

13 ವರ್ಷಕ್ಕಿಂತ ಸಣ್ಣ ಮಕ್ಕಳಿಗೆ ಒಂದೇ ಲೆಕ್ಕ ಇಲ್ಲ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂದು ನೋಡಿ ಡಾಕ್ಟರು ಪಟ್ಟಿಯಲ್ಲಿ ಹೋಲಿಸುತ್ತಾರೆ. ದೊಡ್ಡವರಿಗೆ ಸರಿಯಾದ ಅಂಕೆ ಆರು ವರ್ಷದ ಮಗುವಿಗೆ ಹೆಚ್ಚಾಗಿರಬಹುದು. ಆದ್ದರಿಂದ "120 ಅಲ್ವಾ, ಪರವಾಗಿಲ್ಲ" ಎಂದು ನಾವೇ ತೀರ್ಮಾನ ಮಾಡಬಾರದು.

ಮೆದುಳಿಗೂ ಬಿ.ಪಿ.ಗೂ ಎಂತ ಸಂಬಂಧ?

ಬೆಳೆದವರ ದೇಹದಲ್ಲಿ ಮೆದುಳಿನ ತೂಕ 100ರಲ್ಲಿ 2 ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 5ರಲ್ಲಿ 1 ಪಾಲು ಮೆದುಳಿಗೇ ಬೇಕು. ಆ ಆಮ್ಲಜನಕವನ್ನು ತರುವುದು ರಕ್ತ. ಮಗು ಲೆಕ್ಕ ಮಾಡುವಾಗ, ಪದ್ಯ ನೆನಪಿಡುವಾಗ ಮೆದುಳಿನ ಬೇರೆ ಬೇರೆ ಭಾಗಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಮೆದುಳಿನ ಸಣ್ಣ ರಕ್ತನಾಳಗಳು ಅಗತ್ಯ ನೋಡಿ ಹಿಗ್ಗುತ್ತವೆ, ಕುಗ್ಗುತ್ತವೆ. ಒತ್ತಡ ತುಂಬ ದಿನ ಹೆಚ್ಚಿದ್ದರೆ ಈ ನಾಳಗಳು ಬಿರುಸಾಗುತ್ತವೆ. ಬೇಕಾದಾಗ ಬೇಕಾದಷ್ಟು ಹಿಗ್ಗುವುದಿಲ್ಲ.

ಇದರ ಬಗ್ಗೆ ಅಮೆರಿಕದಲ್ಲಿ ಅಧ್ಯಯನ ನಡೆದಿದೆ. ಅಲ್ಲಿ 6ರಿಂದ 16 ವರ್ಷದ ಸುಮಾರು 5,000 ಮಕ್ಕಳ ವಿವರವನ್ನು ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮೇಲಿನ ಅಂಕೆ ಹೆಚ್ಚಿದ್ದ ಮಕ್ಕಳು, ಹೇಳಿದ ಅಂಕೆಗಳನ್ನು ನೆನಪಿಟ್ಟು ಹೇಳುವ ಪರೀಕ್ಷೆಯಲ್ಲಿ ಮತ್ತು ಗಣಿತದಲ್ಲಿ ಸ್ವಲ್ಪ ಕಡಿಮೆ ಅಂಕ ಪಡೆದಿದ್ದರು. 2016ರಲ್ಲಿ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ 10ರಿಂದ 18 ವರ್ಷದ, ಬಿ.ಪಿ. ಹೆಚ್ಚಿದ್ದ 75 ಮಕ್ಕಳನ್ನು ಬಿ.ಪಿ. ಸರಿಯಿದ್ದ 75 ಮಕ್ಕಳ ಜೊತೆ ಹೋಲಿಸಿದರು. ಬಿ.ಪಿ. ಹೆಚ್ಚಿದ್ದವರು ನೆನಪಿನಲ್ಲಿ, ಮಾತಿನ ಕೌಶಲದಲ್ಲಿ, ಬೇಗ ಗ್ರಹಿಸುವುದರಲ್ಲಿ ಸ್ವಲ್ಪ ಹಿಂದೆ ಇದ್ದರು. ನಿದ್ದೆ ಸರಿ ಇಲ್ಲದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚು ಕಂಡಿತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬಿ.ಪಿ. ಇದ್ದ ಮಕ್ಕಳು ದಡ್ಡರು ಎಂದು ಆ ಅಧ್ಯಯನ ಹೇಳಲಿಲ್ಲ. ಅವರ ಬುದ್ಧಿಯೂ ಸಾಮಾನ್ಯ ಮಟ್ಟದಲ್ಲಿಯೇ ಇತ್ತು. ವ್ಯತ್ಯಾಸ ಸಣ್ಣದು. ಆದರೆ ದಿನವೂ ಶಾಲೆಗೆ ಹೋಗುವ ಮಗುವಿಗೆ ಸಣ್ಣ ಭಾರವೂ ಭಾರವೇ.

ಇನ್ನೊಂದು ಮಾತು. ಓದಿನಲ್ಲಿ ಹಿಂದೆ ಬೀಳುವ ಹೆಚ್ಚಿನ ಮಕ್ಕಳಿಗೆ ಕಾರಣ ಬಿ.ಪಿ. ಅಲ್ಲ. ಕಣ್ಣು ಮಂಜಾಗಿರಬಹುದು. ಕಿವಿ ಸರಿಯಾಗಿ ಕೇಳಿಸದಿರಬಹುದು. ರಕ್ತ ಕಡಿಮೆ ಇರಬಹುದು. ಮನಸ್ಸಿಗೆ ಬೇಸರ ಇರಬಹುದು. ಎಲ್ಲವನ್ನೂ ನೋಡಬೇಕು. ಅವುಗಳಲ್ಲಿ ಬಿ.ಪಿ.ಯೂ ಒಂದು. ನಾವು ಮರೆತುಬಿಡುವುದು ಅದನ್ನೇ.

ನಮ್ಮ ಜಿಲ್ಲೆ ಕಲಿತ ಪಾಠ

ಮಗುವಿಗೆ ಏನಾದರೂ ಕೊರತೆ ಕಂಡರೆ "ಹಣೆಬರಹ" ಎನ್ನುವುದು ಸುಲಭ. ಆ ಮಾತು ಎಷ್ಟು ತಪ್ಪು ಎಂದು ಕಾಸರಗೋಡು ಜಿಲ್ಲೆಗೆ ಚೆನ್ನಾಗಿ ಗೊತ್ತು.

ಎಣ್ಮಕಜೆ ಪಂಚಾಯತಿನ ಪಡ್ರೆಯನ್ನು ನೆನಪು ಮಾಡಿಕೊಳ್ಳಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲ ಅದು. ಮಕ್ಕಳಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿ ಬೆಳವಣಿಗೆಯ ಕೊರತೆ ಕಾಣಿಸಿತು. ದೈವದ ಶಾಪ ಎಂದು ನಂಬಿದವರೂ ಇದ್ದರು. ಊರಿನ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಅವರು ಹಾಗೆ ಸುಮ್ಮನಿರಲಿಲ್ಲ. ಒಂದೇ ಊರಿನಲ್ಲಿ ಇಷ್ಟು ಮಕ್ಕಳಿಗೆ ಯಾಕೆ ಹೀಗೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಗಿನ ಲೋಕಕ್ಕೆ ತಿಳಿಸಿದರು. 2000ದ ಕೊನೆಯ ಹೊತ್ತಿಗೆ ಹೆಲಿಕಾಪ್ಟರ್ ಸಿಂಪಡಣೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು.

ಎಂಡೋಸಲ್ಫಾನ್ ವಿಷಯ ಬೇರೆ, ಬಿ.ಪಿ. ವಿಷಯ ಬೇರೆ. ಒಂದನ್ನು ಇನ್ನೊಂದಕ್ಕೆ ಬೆರೆಸಬಾರದು. ಆದರೆ ಅಲ್ಲಿ ಕಲಿತ ಪಾಠ ಇಲ್ಲಿಯೂ ಬೇಕು. ಮಗುವಿನ ತಲೆಯನ್ನು ದೂರುವ ಮೊದಲು ದೇಹವನ್ನು ನೋಡಿ. ಶಾಪ ಎನ್ನುವ ಮೊದಲು ಕಾರಣ ಕೇಳಿ.

ಮಕ್ಕಳಿಗೆ ಬಿ.ಪಿ. ಯಾಕೆ ಬರುತ್ತದೆ?

ಕಾರಣ ಎರಡು ಬಗೆ.

ಒಂದನೆಯ ಬಗೆ: ದೇಹದಲ್ಲಿ ಬೇರೆ ಕಾಯಿಲೆ ಇರುವುದು. ಸಣ್ಣ ಮಕ್ಕಳಲ್ಲಿ ಇದನ್ನು ಮೊದಲು ಹುಡುಕಬೇಕು. ಮುಖ್ಯವಾಗಿ ಮೂತ್ರಪಿಂಡದ ಕಾಯಿಲೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿರುತ್ತದೆ.

ನಮ್ಮ ಮಳೆಗಾಲದಲ್ಲಿ ಒಂದು ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಮಕ್ಕಳಿಗೆ ಕಜ್ಜಿ ಆಗುತ್ತದೆ, ಕೆರೆದು ಕೀವಾಗುತ್ತದೆ. ಗಂಟಲು ನೋವು, ಜ್ವರ ಬರುತ್ತದೆ. ಕೆಲವು ಮಕ್ಕಳಿಗೆ ಇದೆಲ್ಲ ಗುಣವಾದ ಮೇಲೆ, ಒಂದರಿಂದ ಆರು ವಾರದೊಳಗೆ ಮೂತ್ರಪಿಂಡಕ್ಕೆ ಉರಿಯೂತ ಬರಬಹುದು. ಆಗ ಬೆಳಿಗ್ಗೆ ಏಳುವಾಗ ಮುಖ, ಕಣ್ಣಿನ ರೆಪ್ಪೆ ಊದಿರುತ್ತದೆ. ಮೂತ್ರ ಕಡಿಮೆ ಹೋಗುತ್ತದೆ. ಹೋದದ್ದು ಕಟ್ಟಂಚಾಯದ ಬಣ್ಣ ಇರುತ್ತದೆ. ಬಿ.ಪಿ. ದಿಢೀರ್ ಏರುತ್ತದೆ. "ಕಜ್ಜಿ ತಾನೇ ಹೋಗ್ತದೆ" ಎಂದು ಬಿಡಬೇಡಿ. ಕೀವಾದ ಕಜ್ಜಿಗೆ ಮದ್ದು ಮಾಡಿಸಿ.

ಎರಡನೆಯ ಬಗೆ: ಬೇರೆ ಕಾಯಿಲೆ ಇಲ್ಲದೆ ಬರುವುದು. ಇದು ಹೆಚ್ಚಾಗಿ ದೊಡ್ಡ ಮಕ್ಕಳಲ್ಲಿ. ಮನೆಯಲ್ಲಿ ಹಿರಿಯರಿಗೆ ಬಿ.ಪಿ. ಇರುವುದು, ತೂಕ ಹೆಚ್ಚಿರುವುದು, ಉಪ್ಪು ಹೆಚ್ಚು ತಿನ್ನುವುದು, ಆಟ ಇಲ್ಲದಿರುವುದು, ನಿದ್ದೆ ಕಡಿಮೆ, ಇವೆಲ್ಲ ಸೇರಿಕೊಳ್ಳುತ್ತವೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುವ ಮಗುವಿಗೂ ನಿದ್ದೆ ಸರಿಯಾಗಿ ಆಗುವುದಿಲ್ಲ. ಅದನ್ನೂ ಡಾಕ್ಟರಿಗೆ ಹೇಳಿ.

ಹೆಚ್ಚಿನ ಮಕ್ಕಳಿಗೆ ಬಿ.ಪಿ. ಇದ್ದರೂ ಯಾವ ಲಕ್ಷಣವೂ ಕಾಣುವುದಿಲ್ಲ. ಆಡುತ್ತಾರೆ, ಉಣ್ಣುತ್ತಾರೆ. ಅಳೆದು ನೋಡದೆ ತಿಳಿಯುವ ದಾರಿ ಇಲ್ಲ.

ಅಳೆಯುವುದು ಹೇಗೆ?

ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಮಗುವಿನ ಬಿ.ಪಿ. ನೋಡಿಸುವುದು ಒಳ್ಳೆಯದು. ತೂಕ ಹೆಚ್ಚಿದ್ದರೆ, ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದ್ದರೆ, ಸಿಹಿಮೂತ್ರ ಇದ್ದರೆ ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ನೋಡಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅಳೆಯುವಾಗ ನೀವು ಗಮನಿಸಬೇಕಾದ್ದು:

1. ಮಗು ಓಡಿ ಬಂದಿರಬಾರದು. ಐದು ನಿಮಿಷ ಸುಮ್ಮನೆ ಕುಳಿತಿರಬೇಕು.
2. ಬೆನ್ನಿಗೆ ಆಸರೆ ಇರಬೇಕು. ಕಾಲು ನೆಲಕ್ಕೆ ತಾಗಿರಬೇಕು. ತೋಳು ಎದೆಯ ಮಟ್ಟದಲ್ಲಿ ಇರಬೇಕು.
3. ಪಟ್ಟಿ ಮಗುವಿನ ತೋಳಿನ ಅಳತೆಗೆ ಸರಿಯಾಗಬೇಕು. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಹೆಚ್ಚು ತೋರಿಸುತ್ತದೆ.
4. ಒಂದು ಸಲ ಹೆಚ್ಚು ಬಂದರೆ ಗಾಬರಿ ಬೇಡ. ಆಸ್ಪತ್ರೆ ಕಂಡ ಹೆದರಿಕೆಯಿಂದಲೂ ಏರುತ್ತದೆ. ಡಾಕ್ಟರು ಹೇಳಿದ ದಿನ ಮತ್ತೆ ಹೋಗಿ.

"ಸಿಸ್ಟರೇ, ಮಕ್ಕಳ ಪಟ್ಟಿ ಉಂಟಾ?" ಎಂದು ಕೇಳಲು ನಾಚಿಕೆ ಪಡಬೇಡಿ. ಕೇಳುವುದು ನಮ್ಮ ಹಕ್ಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗಾಗಿ ಇರುವುದು. ಅಂಗನವಾಡಿಗೆ, ಸರಕಾರಿ ಶಾಲೆಗೆ ಅವರು ಬಂದಾಗ ಮಗುವನ್ನು ಮನೆಯಲ್ಲಿ ನಿಲ್ಲಿಸಬೇಡಿ.

ಮನೆಯಲ್ಲಿ ಎಂತ ಮಾಡುವುದು?

ಉಪ್ಪು: ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಸಾಕು. ನಮ್ಮ ಗಂಜಿ ಊಟ ಒಳ್ಳೆಯದು. ಆದರೆ ಗಂಜಿಗೆ ಉಪ್ಪು, ಅದರ ಜೊತೆ ಉಪ್ಪಿನಕಾಯಿ, ಮೇಲೆ ಹಪ್ಪಳ, ಬದಿಗೆ ಒಣಮೀನು. ಎಲ್ಲದರಲ್ಲಿಯೂ ಉಪ್ಪೇ. ಒಂದು ಹೊತ್ತಿಗೆ ಇವುಗಳಲ್ಲಿ ಒಂದು ಸಾಕು. ಗಂಜಿಗೆ ಹೆಸರುಕಾಳಿನ ಪಲ್ಯ, ಸೊಪ್ಪು, ಹಸಿಮೀನು ಇರಲಿ. ಚಿಪ್ಸು, ಮಿಕ್ಸ್ಚರ್, ಪ್ಯಾಕೆಟ್ ನೂಡಲ್ಸು ದಿನದ ತಿಂಡಿ ಆಗುವುದು ಬೇಡ. ಒಂದು ಎಚ್ಚರಿಕೆ: ಉಪ್ಪು ಕಡಿಮೆ ಮಾಡಿ, ಆದರೆ ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಮಕ್ಕಳ ಮೆದುಳು ಬೆಳೆಯಲು ಅಯೋಡಿನ್ ಬೇಕು.

ಆಟ: ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು. ಕಬಡ್ಡಿ ಆಡಲಿ, ಸೈಕಲ್ ತುಳಿಯಲಿ, ಗದ್ದೆಯಲ್ಲಿ ಓಡಲಿ.

ನಿದ್ದೆ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಚಾಪೆಗೆ ಮೊಬೈಲ್ ಬರಬಾರದು.

ಮದ್ದು: ಡಾಕ್ಟರು ಮದ್ದು ಕೊಟ್ಟರೆ ದಿನ ತಪ್ಪಿಸಬೇಡಿ. ನಾವೇ ನಿಲ್ಲಿಸಬಾರದು. ಅಜ್ಜಿಯ ಮಾತ್ರೆಯಲ್ಲಿ ಅರ್ಧ ಮುರಿದು ಮಗುವಿಗೆ ಕೊಡುವುದಂತೂ ಬೇಡವೇ ಬೇಡ.

ತಡ ಮಾಡಬಾರದ ಹೊತ್ತು

ಜೋರು ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜಾಗುವುದು, ಮಾತು ತೊದಲುವುದು, ಗೊಂದಲ, ಫಿಟ್ಸು. ಇವುಗಳಲ್ಲಿ ಏನು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ಬಿ.ಪಿ. ಬಹಳ ಏರಿದರೆ ಮೆದುಳು ಊದಿಕೊಂಡು ಫಿಟ್ಸು ಬರಬಹುದು. ಬೇಗ ಚಿಕಿತ್ಸೆ ಸಿಕ್ಕಿದರೆ ಮಗು ಉಳಿಯುತ್ತದೆ, ಚೇತರಿಸಿಕೊಳ್ಳುತ್ತದೆ.

ಫಿಟ್ಸು ಬಂದಾಗ ಮಗುವನ್ನು ಒಂದು ಬದಿಗೆ ಮಲಗಿಸಿ. ಬಾಯಿಗೆ ನೀರು, ಚಮಚ, ಬಟ್ಟೆ ಏನೂ ಹಾಕಬೇಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಟ್ಟರೆ ಪ್ರಯೋಜನ ಇಲ್ಲ. ಹೊತ್ತು ಹೋಗುತ್ತದೆ ಅಷ್ಟೆ.

ಕಾಯಿಲೆ ಜೋರಾದಾಗ ಮಂಗಳೂರಿಗೆ ಓಡುವುದು ನಮ್ಮವರ ಅಭ್ಯಾಸ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿತು. ದಾಟಲು ಆಗದೆ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟದ್ದನ್ನು ಗಡಿನಾಡಿನವರು ಮರೆತಿಲ್ಲ. ಎಲ್ಲ ಚಿಕಿತ್ಸೆ ಊರಿನಲ್ಲೇ ಸಿಗಬೇಕು, ಅದನ್ನು ನಾವು ಕೇಳುತ್ತಲೇ ಇರಬೇಕು. ಆದರೆ ಬಿ.ಪಿ. ಅಳೆಯಲು ಗಡಿ ದಾಟಬೇಕಾಗಿಲ್ಲ. ಅದು ಪಂಚಾಯತಿನ ಆರೋಗ್ಯ ಕೇಂದ್ರದಲ್ಲೇ ಆಗುವ ಕೆಲಸ. ಬೇಗ ತಿಳಿದರೆ ಓಡುವ ಹೊತ್ತೇ ಬಾರದಿರಬಹುದು.

ಪುಟ್ಟನಿಗೆ ಎಂತ ಆಯಿತು?

ಅಮ್ಮ ಹೇಳಿದ ದಿನಗಳಲ್ಲಿ ಪುಟ್ಟನನ್ನು ಕರೆದುಕೊಂಡು ಹೋದಳು. ಎರಡನೆಯ ಸಲ 134/84. ಮೂರನೆಯ ಸಲ 136/84. ಡಾಕ್ಟರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡದ ಸ್ಕ್ಯಾನ್ ಮಾಡಿಸಿದರು. ಯಾವ ತೊಂದರೆಯೂ ಇರಲಿಲ್ಲ. ತೂಕ ಹೆಚ್ಚಿತ್ತು. ರಾತ್ರಿ ಹನ್ನೆರಡರವರೆಗೆ ಮೊಬೈಲ್. ಸಂಜೆಗೆ ದಿನವೂ ಪ್ಯಾಕೆಟ್ ತಿಂಡಿ.

"ಈಗ ಮದ್ದು ಬೇಡ. ಮೊದಲು ಇದನ್ನೆಲ್ಲ ಸರಿ ಮಾಡಿ. ಆದರೆ ಬಿ.ಪಿ. ನೋಡುವುದನ್ನು ಬಿಡಬೇಡಿ," ಎಂದರು ಡಾಕ್ಟರು.

ಆಸ್ಪತ್ರೆಯ ಚೀಟಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಇತ್ತು. ಅಮ್ಮನಿಗೆ ಓದಲು ಬರಲಿಲ್ಲ. ಆದರೆ ಅಂಕೆ ಎಲ್ಲ ಭಾಷೆಗೂ ಒಂದೇ ಅಲ್ಲವೇ? ಸಾಕ್ಷರತಾ ತರಗತಿಯಲ್ಲಿ ಕಲಿತ ಕೈಬರಹದಲ್ಲಿ ಅವಳು ಒಂದು ಹಳೆ ಪುಸ್ತಕದಲ್ಲಿ ತಾರೀಕು ಬರೆದಳು, ಬದಿಗೆ ಬಿ.ಪಿ. ಬರೆದಳು. ಪ್ರತಿ ಸಲವೂ ಬರೆದಳು.

ಆರು ತಿಂಗಳಾಯಿತು. ಪುಸ್ತಕದ ಕೊನೆಯ ಸಾಲಿನಲ್ಲಿ 124/76 ಎಂದು ಉಂಟು. "ಇಳಿದಿದೆ. ಇನ್ನೂ ಸ್ವಲ್ಪ ಇಳಿಯಬೇಕು," ಎಂದರು ಸಿಸ್ಟರ್. ತಲೆನೋವು ಕಡಿಮೆಯಾಗಿದೆ. ತರಗತಿಯಲ್ಲಿ ತೂಕಡಿಕೆ ಇಲ್ಲ.

ಪುಟ್ಟ ತರಗತಿಗೆ ಮೊದಲಿಗನಾಗಲಿಲ್ಲ. ಆದರೆ ಅಜ್ಜಿ ಈಗ "ತಲೆಗೆ ಹತ್ತುದಿಲ್ಲ" ಎನ್ನುವುದಿಲ್ಲ. ಸಂಜೆ ಜಗಲಿಯಲ್ಲಿ ಪುಸ್ತಕ ತೆರೆದಿರುತ್ತದೆ. ಅಮ್ಮ ಬೀಡಿ ಕಟ್ಟುತ್ತಾ ಓರೆಗಣ್ಣಿನಲ್ಲಿ ನೋಡುತ್ತಾಳೆ. ಪುಟ ಮಗುಚುತ್ತಿದೆ.

ಹೊಸ ಪದಗಳು

ಅಧಿಕ – ಹೆಚ್ಚು
ರಕ್ತನಾಳ – ರಕ್ತ ಹರಿಯುವ ನಾಳ
ಮೂತ್ರಪಿಂಡ – ರಕ್ತವನ್ನು ಸೋಸಿ ಮೂತ್ರ ಮಾಡುವ ಅಂಗ, ಕಿಡ್ನಿ
ಉರಿಯೂತ – ಒಳಗೆ ಊದಿ ಕೆಂಪಾಗುವುದು
ತಪಾಸಣೆ – ಪರೀಕ್ಷೆ ಮಾಡಿ ನೋಡುವುದು

ಉತ್ತರ ಬರೆಯಿರಿ

1. ಬಿ.ಪಿ.ಯ ಮೇಲಿನ ಅಂಕೆ ಏನನ್ನು ತಿಳಿಸುತ್ತದೆ?
2. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಏನಾಗುತ್ತದೆ?
3. ಕಜ್ಜಿ ಗುಣವಾದ ಮೇಲೆ ಮಗುವಿನ ಮುಖ ಊದಿದರೆ ಏನು ಮಾಡಬೇಕು? ಯಾಕೆ?
4. ಫಿಟ್ಸು ಬಂದಾಗ ಮಾಡಬಾರದ ಎರಡು ಕೆಲಸ ಬರೆಯಿರಿ.

ಮಾತಾಡೋಣ

ನಿಮ್ಮನ್ನು ಸಣ್ಣದಿರುವಾಗ ಯಾರಾದರೂ "ದಡ್ಡ", "ದಡ್ಡಿ" ಎಂದಿದ್ದರೇ? ಆಗ ನಿಮ್ಮ ಕಣ್ಣು, ಕಿವಿ, ಹಸಿವು, ನಿದ್ದೆ ಹೇಗಿತ್ತು ಎಂದು ಯಾರಾದರೂ ಕೇಳಿದ್ದರೇ?

ಮನೆಗೆಲಸ

ಪುಸ್ತಕದ ಒಂದು ಪುಟದಲ್ಲಿ ಮೂರು ಸಾಲು ಮಾಡಿ: ಹೆಸರು, ತಾರೀಕು, ಬಿ.ಪಿ. ಈ ತಿಂಗಳು ಆರೋಗ್ಯ ಕೇಂದ್ರಕ್ಕೆ ಹೋದಾಗ ನಿಮ್ಮದನ್ನೂ ಮಕ್ಕಳದ್ದನ್ನೂ ಅಳೆಸಿ, ನಿಮ್ಮ ಕೈಯಿಂದಲೇ ಬರೆಯಿರಿ. ಮುಂದಿನ ತರಗತಿಗೆ ಬರುವಾಗ ಪುಸ್ತಕ ತನ್ನಿ.